ಗುಪ್ತಾಂಗದ ವಾಸನೆ: ತೊಳೆದದ್ದು ಸಾಕು, ಡಾಕ್ಟರಿಗೆ ತೋರಿಸಿ

"ಎಷ್ಟು ತೊಳೆದುಕೊಂಡರೂ ಕೆಳಗಿನಿಂದ ವಾಸನೆ ಬರುತ್ತದೆ. ಏನು ಮಾಡಲಿ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಬಹುತೇಕ ಹೆಸರು ಹೇಳದೆ ಕೇಳುತ್ತಾರೆ. ಹೆಂಗಸರು ಜಾಸ್ತಿ, ಗಂಡಸರೂ ಇದ್ದಾರೆ. ಪ್ರಶ್ನೆಯ ಬಾಲದಲ್ಲಿ ಇನ್ನೊಂದು ಸಾಲು ಇದ್ದೇ ಇರುತ್ತದೆ: "ಡಾಕ್ಟರ ಹತ್ತಿರ ಹೋಗೋಕೆ ನಾಚಿಕೆ, ಮನೆಯಲ್ಲೇ ಮಾಡಿಕೊಳ್ಳುವಂಥದ್ದು ಏನಾದರೂ ಹೇಳಿ."

ಮನೆಯಲ್ಲಿ ಮಾಡಿಕೊಳ್ಳುವಂಥದ್ದು ಸ್ವಲ್ಪ ಇದೆ. ಅದನ್ನೂ ಹೇಳುತ್ತೇನೆ. ಆದರೆ ವಾರಗಟ್ಟಲೆ ಬಿಡದೆ ಕಾಡುವ ವಾಸನೆಯನ್ನು ಕೊಳೆಯ ಲೆಕ್ಕಕ್ಕೆ ಹಾಕಬೇಡಿ. ಕೆಮ್ಮು, ಜ್ವರದ ಹಾಗೆ ಅದೂ ಒಂದು ಲಕ್ಷಣ. ಅದರ ಹಿಂದಿನ ಕಾರಣ ಹುಡುಕಬೇಕು, ಆ ಕಾರಣಕ್ಕೆ ಮದ್ದು ಮಾಡಬೇಕು. ಅತಿ ಸಾಮಾನ್ಯ ಕಾರಣಕ್ಕೆ ಇರುವ ಮದ್ದು ಒಂದು ವಾರದ್ದು. ಅದನ್ನು ತೆಗೆದುಕೊಳ್ಳದೆ ವರ್ಷಗಟ್ಟಲೆ ನರಳುವವರಿದ್ದಾರೆ.

ಈ ಬರಹದಲ್ಲಿ ಯೋನಿಯ ವಾಸನೆಯ ವಿಷಯವೇ ಜಾಸ್ತಿ, ಯಾಕೆಂದರೆ ಪ್ರಶ್ನೆಗಳೂ ಹೆಚ್ಚು ಅದರ ಬಗ್ಗೆಯೇ. ಗಂಡಸರಿಗೆ ಬೇಕಾದದ್ದನ್ನು ಅಲ್ಲಲ್ಲಿ ಸೇರಿಸಿದ್ದೇನೆ.

ಮನಸ್ಸಿಗೆ ಬೀಳುವ ಪೆಟ್ಟು

ಈ ತೊಂದರೆ ಇರುವವರ ದಿನ ಹೇಗೆ ಕಳೆಯುತ್ತದೆ ಎಂದು ಜೊತೆಯಲ್ಲಿರುವವರಿಗೂ ಗೊತ್ತಾಗುವುದಿಲ್ಲ. ಕೂರುವ ಮುಂಚೆ ಫ್ಯಾನ್ ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡುತ್ತಾರೆ. ಸೀಟು ಖಾಲಿ ಇದ್ದರೂ ನಿಂತೇ ಪ್ರಯಾಣ ಮಾಡುತ್ತಾರೆ. ಎದ್ದ ಮೇಲೆ ಕುರ್ಚಿಯನ್ನು ಒಮ್ಮೆ ತಿರುಗಿ ನೋಡುತ್ತಾರೆ. ಮಗು ಓಡಿ ಬಂದು ತೊಡೆಯ ಮೇಲೆ ಕೂತರೆ ಮೆಲ್ಲಗೆ ಇಳಿಸಿಬಿಡುತ್ತಾರೆ. ಪಕ್ಕದವರು ಮೂಗು ಉಜ್ಜಿಕೊಂಡರೂ, ಕಿಟಕಿ ತೆಗೆದರೂ "ನನ್ನಿಂದಲೇ" ಅನ್ನಿಸುತ್ತದೆ. ರಾತ್ರಿ ಸಂಗಾತಿ ಹತ್ತಿರ ಬಂದರೆ ತಲೆನೋವಿನ ನೆಪ. ಯಾಕೆ ದೂರ ಸರಿಯುತ್ತಿದ್ದಾರೆ ಎಂದು ಆ ಕಡೆಯವರಿಗೂ ಅರ್ಥವಾಗುವುದಿಲ್ಲ. ಅವರು ತಮ್ಮದೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಇಷ್ಟೆಲ್ಲ ಅನುಭವಿಸುವವರು ತಾವೊಬ್ಬರೇ ಅಂದುಕೊಂಡಿರುತ್ತಾರೆ. ನಿಜ ಏನೆಂದರೆ, ಯೋನಿ ವಾಸನೆಗೆ ಅತಿ ಸಾಮಾನ್ಯ ಕಾರಣವಾದ ಬ್ಯಾಕ್ಟೀರಿಯಲ್ ವಜೈನೋಸಿಸ್ ಎಂಬ ತೊಂದರೆ ಜಗತ್ತಿನಲ್ಲಿ ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದೆ. ಡಾಕ್ಟರುಗಳು ಚಿಕ್ಕದಾಗಿ ಬಿವಿ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಮುಜುಗರದಿಂದ ಮನಸ್ಸು ಕುಗ್ಗುವುದು ಒಂದು ಕಡೆ. ಇನ್ನೊಂದು ಕಡೆ ಅದು ಚಿಕಿತ್ಸೆಯನ್ನೇ ಹಾಳು ಮಾಡುತ್ತದೆ. ಹೇಗೆ ಅಂತೀರಾ? ನಾಚಿಕೆಯಾದವರು ಮೊದಲು ಜಾಸ್ತಿ ತೊಳೆಯುತ್ತಾರೆ, ಅದರಿಂದ ವಾಸನೆ ಹೆಚ್ಚುತ್ತದೆ. ಆಮೇಲೆ ಹೇಗೋ ಧೈರ್ಯ ಮಾಡಿ ಡಾಕ್ಟರ ಮುಂದೆ ಕೂರುತ್ತಾರೆ, ಆದರೆ "ವಾಸನೆ" ಎಂಬ ಮಾತು ಬಾಯಿಗೆ ಬರುವುದಿಲ್ಲ. "ಸ್ವಲ್ಪ ತುರಿಕೆ ಡಾಕ್ಟ್ರೇ" ಅಂದುಬಿಡುತ್ತಾರೆ. ತುರಿಕೆ ಅಂದವರಿಗೆ ತುರಿಕೆಯ ಮದ್ದು ಸಿಗುತ್ತದೆ. ವಾಸನೆ ಹಾಗೇ ಉಳಿಯುತ್ತದೆ. "ಔಷಧಿಗೂ ಹೋಗದ ರೋಗ ನನ್ನದು" ಎಂದು ಮನೆಗೆ ಬಂದು ಅಳುತ್ತಾರೆ. ಮುಂದಿನ ಹಂತಗಳನ್ನು ಈ ಸರಪಳಿ ಎಲ್ಲಿ ತುಂಡಾಗುತ್ತದೆ ಎಂದು ನೋಡಿಕೊಂಡೇ ಜೋಡಿಸಿದ್ದೇನೆ.

ಇವರು ಹಂತ ಎಣಿಸುತ್ತಾ ಕೂರಬೇಡಿ, ತಡ ಮಾಡದೆ ಹೋಗಿ

- ವಾಸನೆಯ ಜೊತೆ ಜ್ವರ ಅಥವಾ ಕೆಳಹೊಟ್ಟೆ ನೋವು ಇರುವವರು.
- ಗರ್ಭಿಣಿಯರು. ಇತ್ತೀಚೆಗೆ ಹೆರಿಗೆ, ಗರ್ಭಪಾತ ಅಥವಾ ಆಪರೇಷನ್ ಆದವರು.
- ಸಂಭೋಗದ ನಂತರ, ಎರಡು ಮುಟ್ಟಿನ ನಡುವೆ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿದವರು. ರಕ್ತ ಬೆರೆತ ನೀರಿನಂಥ, ನಾತ ಹೊಡೆಯುವ ಸ್ರಾವ ಇದ್ದರೆ ಗರ್ಭಕೊರಳಿನ ಕ್ಯಾನ್ಸರ್ ಇಲ್ಲ ಎಂದು ಖಚಿತ ಮಾಡಿಕೊಳ್ಳಲೇಬೇಕು.
- ಯೋನಿಯ ಮೂಲಕ ಮೂತ್ರ ಅಥವಾ ಮಲ ಸೋರುತ್ತಿರುವವರು.
- ಟ್ಯಾಂಪೂನ್, ಅಂದರೆ ಮುಟ್ಟಿನ ರಕ್ತ ಹೀರಲು ಯೋನಿಯೊಳಗೆ ಇಡುವ ಸುರುಳಿ, ಒಳಗೇ ಉಳಿದಿರಬಹುದು ಎಂಬ ಅನುಮಾನ ಇರುವವರು. ಜೊತೆಗೆ ಜ್ವರ, ಮೈಮೇಲೆ ಕೆಂಪು ದದ್ದು, ತಲೆಸುತ್ತು ಇದ್ದರೆ ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.
- ಹಿಂದಕ್ಕೆ ಸರಿಸಿದ ಮುಂದೊಗಲು ಮತ್ತೆ ಮುಂದಕ್ಕೆ ಬಾರದೆ ಊದಿಕೊಂಡ ಗಂಡಸರು. ಇದೂ ತುರ್ತೇ.
- ಇನ್ನೂ ಮುಟ್ಟಾಗದ ಹುಡುಗಿಯರು. ಮಕ್ಕಳಿಗೆ ಈ ವಾಸನೆ ಬಂದರೆ ಬೈಯಬೇಡಿ, ಸುಮ್ನೆ ಬಿಡಲೂಬೇಡಿ.

ಹಂತ 1: ತೊಳೆಯುವುದನ್ನು ಕಮ್ಮಿ ಮಾಡಿ

ಕೇಳಲು ತಮಾಷೆ ಅನ್ನಿಸಬಹುದು. ಕಾರಣ ಹೇಳುತ್ತೇನೆ.

ಆರೋಗ್ಯವಾಗಿರುವ ಯೋನಿಯೊಳಗೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿರುತ್ತವೆ. ಅವು ಲ್ಯಾಕ್ಟಿಕ್ ಆಮ್ಲ ತಯಾರಿಸಿ ಒಳಗನ್ನು ಹುಳಿಯಾಗಿ ಇಡುತ್ತವೆ. ಹುಳಿಯನ್ನು ಅಳೆಯುವ ಅಂಕಿಗೆ ಪಿಎಚ್ ಅನ್ನುತ್ತಾರೆ. 7 ಅಂದರೆ ಶುದ್ಧ ನೀರು, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಯೋನಿಯ ಪಿಎಚ್ ಸಾಮಾನ್ಯವಾಗಿ 3.8ರಿಂದ 4.5. ಈ ಹುಳಿಯಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯಲು ಆಗುವುದಿಲ್ಲ. ಸ್ನಾನದ ಸೋಪಿನ ಪಿಎಚ್ ಹೆಚ್ಚಾಗಿ 9ರಿಂದ 10. ಅದನ್ನು ಒಳಗೆ ಹಾಕಿ ತೊಳೆದರೆ ಕಾವಲು ಕಾಯುತ್ತಿದ್ದವರನ್ನೇ ಹೊರಗೆ ಹಾಕಿದಂತೆ. ವಾಸನೆ ಬರುತ್ತದೆ, ಇನ್ನಷ್ಟು ತೊಳೆಯುತ್ತೀರಿ, ಇನ್ನಷ್ಟು ಬರುತ್ತದೆ.

ಹಾಗಾಗಿ ಇವತ್ತಿನಿಂದಲೇ ಇವನ್ನು ಬಿಡಿ: ಯೋನಿಯೊಳಗೆ ನೀರು ಹಾಯಿಸಿ ತೊಳೆಯುವುದು, ಇದಕ್ಕೆ ಡೂಶಿಂಗ್ ಅನ್ನುತ್ತಾರೆ. ನಿಂಬೆರಸ, ವಿನೆಗರ್, ಅಡುಗೆ ಸೋಡಾ. ನೆಲ ಒರೆಸಲೂ ಗಾಯ ತೊಳೆಯಲೂ ಬಳಸುವ ಆ್ಯಂಟಿಸೆಪ್ಟಿಕ್ ದ್ರಾವಣ. ಸುಗಂಧದ ವಾಶ್, ಸ್ಪ್ರೇ, ಪೌಡರು, ಪರಿಮಳ ಹಾಕಿದ ಪ್ಯಾಡು. "ಆ ಜಾಗಕ್ಕೇ ಅಂತ ಮಾಡಿದ್ದು" ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಒಳಗೆ ಹಾಕುವುದು ಬೇಡ. ನನ್ನ ಮಟ್ಟಿಗೆ ಇವುಗಳಲ್ಲಿ ಹೆಚ್ಚಿನವು ನಾಚಿಕೆಯನ್ನೇ ಬಂಡವಾಳ ಮಾಡಿಕೊಂಡ ವ್ಯಾಪಾರ.

ಹೊರಭಾಗವನ್ನು ದಿನಕ್ಕೊಮ್ಮೆ ಬೆಚ್ಚಗಿನ ನೀರಲ್ಲಿ ತೊಳೆದು, ಮೆತ್ತಗೆ ಒತ್ತಿ ಒರೆಸಿದರೆ ಸಾಕು. ಹತ್ತಿಯ ಒಳಉಡುಪು ಹಾಕಿ. ಬೆವರಿ ಒದ್ದೆಯಾದರೆ ಬದಲಿಸಿ. ರಾತ್ರಿ ಸಡಿಲ ಬಟ್ಟೆ ಇರಲಿ.

ಗಂಡಸರು ಮುಂದೊಗಲನ್ನು ಮೆಲ್ಲಗೆ ಹಿಂದೆ ಸರಿಸಿ ನೀರಲ್ಲಿ ತೊಳೆಯಬೇಕು, ಒರೆಸಬೇಕು, ಮತ್ತೆ ಮುಂದಕ್ಕೆ ತರಬೇಕು. ಅಲ್ಲಿ ಕೂಡುವ ಬಿಳಿ ಪದಾರ್ಥಕ್ಕೆ ಸ್ಮೆಗ್ಮಾ ಎಂದು ಹೆಸರು. ಉದುರಿದ ಚರ್ಮದ ಕಣ ಮತ್ತು ಎಣ್ಣೆ ಸೇರಿ ಆಗುವಂಥದ್ದು. ದಿನಾ ತೊಳೆದರೆ ಹೋಗುತ್ತದೆ. ತೊಗಲು ಬಿಗಿಯಾಗಿದ್ದರೆ ಜೋರು ಮಾಡಿ ಎಳೆಯಬೇಡಿ.

ಒಂದು ಮಾತು. ಸ್ವಲ್ಪ ಹುಳಿ ವಾಸನೆ, ಬೆವರಿನ ವಾಸನೆ, ಮುಟ್ಟಿನ ದಿನಗಳಲ್ಲಿ ರಕ್ತದ ಕಬ್ಬಿಣದಂಥ ವಾಸನೆ, ಇವೆಲ್ಲ ಸಹಜ. ಏನೂ ವಾಸನೆಯೇ ಇರಬಾರದು ಎಂಬ ಗುರಿ ಇಟ್ಟುಕೊಂಡರೆ ಯಾರೂ ಅದನ್ನು ಮುಟ್ಟುವುದಿಲ್ಲ.

ಹಂತ 2: ಯಾವ ವಾಸನೆ, ಯಾವಾಗ? ಬರೆದಿಡಿ

ಒಂದು ಚೀಟಿ ಅಥವಾ ಫೋನಿನಲ್ಲಿ ನಾಲ್ಕು ವಿಷಯ ಬರೆಯಿರಿ: ವಾಸನೆ ಯಾವ ತರಹದ್ದು, ಯಾವಾಗ ಹೆಚ್ಚುತ್ತದೆ, ಸ್ರಾವದ ಬಣ್ಣ ಮತ್ತು ಗಟ್ಟಿತನ ಹೇಗಿದೆ, ತುರಿಕೆ ಉರಿ ನೋವು ಇದೆಯೇ. ಅಪಾಯದ ಲಕ್ಷಣ ಯಾವುದೂ ಇಲ್ಲದಿದ್ದರೆ ಒಂದೆರಡು ವಾರ ಗಮನಿಸಿದರೆ ಸಾಕು. ಅಷ್ಟರಲ್ಲಿ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಕ್ಕರೆ ಹೋಗಿಬಿಡಿ, ಪಟ್ಟಿ ಪೂರ್ತಿಯಾಗಲಿ ಎಂದು ಕಾಯಬೇಡಿ.

ನಿಮ್ಮ ಟಿಪ್ಪಣಿ ಏನು ಹೇಳುತ್ತಿರಬಹುದು ಎಂದು ಸ್ಥೂಲವಾಗಿ ನೋಡೋಣ.

ಮೀನಿನಂಥ ವಾಸನೆ, ಬೂದು ಬಿಳುಪಿನ ತೆಳು ಸ್ರಾವ, ತುರಿಕೆ ಅಷ್ಟಾಗಿ ಇಲ್ಲ. ಬಿವಿಯ ಮೇಲೆ ಮೊದಲ ಅನುಮಾನ. ಒಳ್ಳೆಯ ಬ್ಯಾಕ್ಟೀರಿಯಾ ಕಮ್ಮಿಯಾಗಿ ಗಾರ್ಡ್ನೆರೆಲ್ಲ ಮೊದಲಾದವು ಹೆಚ್ಚಿರುತ್ತವೆ. ಅವು ಅಮೈನ್ ಎಂಬ ರಾಸಾಯನಿಕಗಳನ್ನು ಹುಟ್ಟಿಸುತ್ತವೆ. ಹಳಸಿದ ಮೀನಿನಲ್ಲಿ ನಾತ ಬರುವುದೂ ಇದೇ ಜಾತಿಯ ರಾಸಾಯನಿಕದಿಂದ. ಹುಳಿಗೆ ವಿರುದ್ಧವಾದ ಕ್ಷಾರ ತಾಗಿದರೆ ಇವು ಆವಿಯಾಗಿ ಮೂಗಿಗೆ ಬಡಿಯುತ್ತವೆ. ವೀರ್ಯ ಕ್ಷಾರ, ಮುಟ್ಟಿನ ರಕ್ತವೂ ಸ್ವಲ್ಪ ಕ್ಷಾರ. ಅದಕ್ಕೇ ಸಂಭೋಗದ ನಂತರ, ಮುಟ್ಟಿನ ಆಸುಪಾಸಿನಲ್ಲಿ ವಾಸನೆ ಜೋರಾಗುವುದು. ಸಂಗಾತಿಯ ಜೊತೆ ಕಳೆದ ಆ ಹೊತ್ತಿನಲ್ಲೇ ವಾಸನೆ ಏಳುವುದರಿಂದ ಅವಮಾನವೂ ಜಾಸ್ತಿ ಆಗುತ್ತದೆ. ಅದರಲ್ಲಿ ನಿಮ್ಮ ಶುಚಿಯ ಪಾತ್ರ ಏನೂ ಇಲ್ಲ.

ಹಳದಿ ಹಸಿರು ಬಣ್ಣದ ನೊರೆ ಸ್ರಾವ, ವಾಸನೆ, ಉರಿ. ಟ್ರೈಕೊಮೋನಾಸ್ ಎಂಬ ಸೂಕ್ಷ್ಮ ಪರಾವಲಂಬಿ ಇರಬಹುದು. ಸಂಭೋಗದಿಂದ ಹರಡುತ್ತದೆ. ಗಂಡಸರಲ್ಲಿ ಹೆಚ್ಚಾಗಿ ಯಾವ ಲಕ್ಷಣವೂ ಕಾಣುವುದಿಲ್ಲ.

ಒಡೆದ ಹಾಲಿನಂಥ ಗಟ್ಟಿ ಬಿಳಿ ಸ್ರಾವ, ತಡೆಯಲಾರದ ತುರಿಕೆ, ಆದರೆ ವಾಸನೆ ಇಲ್ಲ. ಇದು ಕ್ಯಾಂಡಿಡಾ, ಅಂದರೆ ಫಂಗಸ್ ಸೋಂಕು. ಜನ ಎಡವುವುದು ಇಲ್ಲೇ. ಕೆಳಗೆ ಏನೇ ತೊಂದರೆಯಾದರೂ ಫಂಗಸ್ ಅಂದುಕೊಂಡು ಅದರ ಕ್ರೀಮು ಮಾತ್ರೆ ತಂದುಬಿಡುತ್ತಾರೆ. ಫಂಗಸ್ ಮದ್ದು ಬಿವಿಗೆ ಕೆಲಸ ಮಾಡುವುದಿಲ್ಲ.

ಇದ್ದಕ್ಕಿದ್ದ ಹಾಗೆ ಶುರುವಾದ, ಕೊಳೆತಂಥ ಭಾರೀ ನಾತ. ಒಳಗೆ ಏನಾದರೂ ಉಳಿದಿದೆಯಾ ನೋಡಬೇಕು. ಟ್ಯಾಂಪೂನ್, ಹರಿದ ಕಾಂಡೋಮಿನ ಚೂರು, ಹತ್ತಿ. ತೆಗೆದರೆ ವಾಸನೆ ಬೇಗ ಇಳಿಯುತ್ತದೆ. ಡಾಕ್ಟರುಗಳಿಗೆ ಇದು ಹೊಸದೇನಲ್ಲ.

ಮೂತ್ರದ ಘಾಟು. ಕೆಮ್ಮಿದಾಗ, ನಕ್ಕಾಗ ಸ್ವಲ್ಪ ಮೂತ್ರ ಸೋರಿ ಬಟ್ಟೆಯಲ್ಲಿ ನಿಂತರೆ ಬರುತ್ತದೆ. ಹೆರಿಗೆಯಾದವರಲ್ಲಿ, ವಯಸ್ಸಾದವರಲ್ಲಿ ಸಾಮಾನ್ಯ. ಇದಕ್ಕೆ ವ್ಯಾಯಾಮವೂ ಇದೆ, ಚಿಕಿತ್ಸೆಯೂ ಇದೆ.

ತೊಡೆಸಂದಿನ ಬೆವರಿನ ಕಮಟು. ಕಂಕುಳಲ್ಲಿರುವಂಥ ಬೆವರಿನ ಗ್ರಂಥಿಗಳು ತೊಡೆಸಂದಿನಲ್ಲೂ ಇವೆ. ಹರೆಯ ಬಂದ ಮೇಲೆ ಕೆಲಸ ಶುರು ಮಾಡುತ್ತವೆ. ಬೆವರಿಗೆ ವಾಸನೆ ಇಲ್ಲ, ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಜೊತೆಗೆ ಕಂದುಗೆಂಪು ಮಚ್ಚೆ ಇದ್ದರೆ ಎರಿಥ್ರಾಸ್ಮಾ ಎಂಬ ಬ್ಯಾಕ್ಟೀರಿಯಾ ಸೋಂಕು ಇರಬಹುದು. ಪದೇ ಪದೇ ನೋವಿನ ಗಂಟುಗಳೆದ್ದು, ಒಡೆದು, ಕಲೆ ಉಳಿಯುತ್ತಿದ್ದರೆ ಅದು ಹೈಡ್ರಾಡೆನೈಟಿಸ್ ಎಂಬ ದೀರ್ಘಕಾಲದ ಚರ್ಮದ ಕಾಯಿಲೆ ಆಗಿರಬಹುದು. ಅದನ್ನು ಬರೀ ಕುರು ಅಂದುಕೊಂಡು ವರ್ಷ ಕಳೆಯಬೇಡಿ.

ಶಿಶ್ನದ ತುದಿ ಕೆಂಪಾಗಿ, ವಾಸನೆ ಬಂದು, ತುರಿಸಿದರೆ ಬ್ಯಾಲನೈಟಿಸ್, ಅಂದರೆ ಆ ಜಾಗದ ಉರಿಯೂತ. ಮತ್ತೆ ಮತ್ತೆ ಬರುತ್ತಿದ್ದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಕೆಲವರಲ್ಲಿ ಸಕ್ಕರೆ ಕಾಯಿಲೆ ಮೊದಲು ಕಾಣಿಸಿಕೊಳ್ಳುವುದೇ ಹೀಗೆ.

ಇದನ್ನು ಓದಿ ನೀವೇ ತೀರ್ಮಾನ ಮಾಡಿಬಿಡಬೇಡಿ. ಒಂದೇ ಸಲ ಎರಡು ಸೋಂಕು ಇರುವುದೂ ಉಂಟು. ಟಿಪ್ಪಣಿ ಡಾಕ್ಟರ ಕೆಲಸ ಸುಲಭ ಮಾಡಲಿಕ್ಕೆ.

ಹಂತ 3: ಯಾರ ಹತ್ತಿರ ಹೋಗಬೇಕು

ಯೋನಿಯ ತೊಂದರೆಗೆ ಸ್ತ್ರೀರೋಗ ತಜ್ಞರು. ಗಂಡಸರಿಗೆ ಮತ್ತು ತೊಡೆಸಂದಿನ ಚರ್ಮದ ತೊಂದರೆಗೆ ಚರ್ಮರೋಗ ಮತ್ತು ಲೈಂಗಿಕ ರೋಗ ತಜ್ಞರು. ಬಿಗಿ ಮುಂದೊಗಲಿಗೆ ಯೂರಾಲಜಿಸ್ಟ್, ಅಂದರೆ ಮೂತ್ರಾಂಗದ ತಜ್ಞರು. ಯಾರೂ ಗೊತ್ತಿಲ್ಲದಿದ್ದರೆ ನಿಮ್ಮ ಮಾಮೂಲಿ ಡಾಕ್ಟರಿಂದಲೇ ಶುರು ಮಾಡಿ. ಹೆಣ್ಣು ಡಾಕ್ಟರೇ ಬೇಕು ಎಂದು ಕೇಳುವುದು ನಿಮ್ಮ ಹಕ್ಕು. ಜೊತೆಯಲ್ಲಿ ಬಂದ ಅಮ್ಮನನ್ನೋ ಗಂಡನನ್ನೋ ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಎಂದು ಡಾಕ್ಟರಿಗೆ ಹೇಳುವುದೂ ಹಕ್ಕೇ.

ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಕೇಳಿ ತರುವ ಮಿಶ್ರ ಕ್ರೀಮುಗಳ ಬಗ್ಗೆ ಎಚ್ಚರ. ಸ್ಟೆರಾಯ್ಡ್ ಸೇರಿದ ಕ್ರೀಮು ಹಚ್ಚಿದ ಎರಡೇ ದಿನಕ್ಕೆ ತುರಿಕೆ ಹೋಗುತ್ತದೆ, ಗುಣವಾಯಿತು ಅನ್ನಿಸುತ್ತದೆ. ಒಳಗಿಂದೊಳಗೆ ಫಂಗಸ್ ಹರಡುತ್ತಿರುತ್ತದೆ. ತೊಡೆಸಂದಿನ ಚರ್ಮ ತೆಳು, ಬಹುಬೇಗ ಇನ್ನಷ್ಟು ತೆಳುವಾಗಿ ಗೆರೆ ಬೀಳುತ್ತದೆ. ಆ ಗೆರೆ ಹೋಗುವುದಿಲ್ಲ.

ಹಂತ 4: ಬಾಯಿ ಬಿಡುವುದು

ಇಡೀ ದಾರಿಯಲ್ಲಿ ಕಷ್ಟದ ಜಾಗ ಇದು. ಬಾಗಿಲ ಹೊರಗೆ ಕೂತಾಗ ತಯಾರಾಗಿದ್ದ ಮಾತು, ಒಳಗೆ ಹೋದ ಕೂಡಲೇ "ಸುಸ್ತು", "ಸೊಂಟ ನೋವು", "ಬಿಳಿಸೆರಗು" ಎಂದು ಬದಲಾಗಿಬಿಡುತ್ತದೆ. ಬಿಳಿಸೆರಗು ಎಂದಷ್ಟೇ ಹೇಳಿದರೆ ಸಹಜ ಸ್ರಾವವೂ ಅದೇ, ಸೋಂಕಿನದೂ ಅದೇ. ಡಾಕ್ಟರಿಗೆ ಏನೂ ತಿಳಿಯುವುದಿಲ್ಲ.

ಹಾಗಾಗಿ ಹೇಳಬೇಡಿ, ಓದಿ. ಮೊದಲೇ ಬರೆದುಕೊಂಡು ಹೋಗಿ. ಓದಲೂ ಆಗದಿದ್ದರೆ ಚೀಟಿಯನ್ನು ಮೇಜಿನ ಮೇಲೆ ಇಟ್ಟು "ಇದನ್ನು ಓದಿ ಡಾಕ್ಟ್ರೇ, ಹೇಳೋಕೆ ಕಷ್ಟ" ಅಂದರೆ ಮುಗಿಯಿತು. ಒಂದು ಮಾದರಿ:

"ಎರಡು ತಿಂಗಳಿಂದ ಯೋನಿಯಿಂದ ಮೀನಿನಂಥ ವಾಸನೆ ಬರುತ್ತಿದೆ. ಸಂಭೋಗದ ನಂತರ ಜಾಸ್ತಿ. ಸ್ರಾವ ತೆಳ್ಳಗೆ, ಬೂದು ಬಣ್ಣ. ತುರಿಕೆ ಇಲ್ಲ, ಜ್ವರ ಇಲ್ಲ. ಫಂಗಸ್ ಕ್ರೀಮು ಬಳಸಿದೆ, ಹೋಗಲಿಲ್ಲ. ದಿನಾ ಒಳಗೆ ಸೋಪು ಹಾಕಿ ತೊಳೆಯುತ್ತಿದ್ದೆ. ಇದರಿಂದ ಕೆಲಸಕ್ಕೆ ಹೋಗುವುದೂ ಕಷ್ಟವಾಗಿದೆ, ಗಂಡನ ಹತ್ತಿರ ಮಲಗುವುದನ್ನೇ ಬಿಟ್ಟಿದ್ದೇನೆ."

ಕೊನೆಯ ಸಾಲನ್ನು ಬಿಡಬೇಡಿ. ಸ್ರಾವದ ಬಣ್ಣ ಕೇಳಿದ ಡಾಕ್ಟರು ರೋಗ ಗುರುತಿಸುತ್ತಾರೆ. ಬದುಕು ಎಷ್ಟು ಕೆಟ್ಟಿದೆ ಎಂದು ಕೇಳಿದ ಡಾಕ್ಟರು ಅದನ್ನು ಸಣ್ಣ ವಿಷಯ ಎಂದು ತಳ್ಳಿಹಾಕುವುದಿಲ್ಲ.

ಡಾಕ್ಟರು ಸಂಗಾತಿಗಳ ಬಗ್ಗೆ, ಕಾಂಡೋಮ್ ಬಗ್ಗೆ, ಗರ್ಭದ ಬಗ್ಗೆ ಕೇಳುತ್ತಾರೆ. ಯಾವ ಪರೀಕ್ಷೆ, ಯಾವ ಮದ್ದು ಎಂದು ಅದರ ಮೇಲೆ ತೀರ್ಮಾನ ಆಗುತ್ತದೆ. ನಿಜವನ್ನೇ ಹೇಳಿ. ಕಾಪರ್-ಟಿ ಹಾಕಿಸಿಕೊಂಡಿದ್ದರೆ, ಸಿಗರೇಟು ಸೇದುತ್ತಿದ್ದರೆ ಅದನ್ನೂ ಹೇಳಿ, ಎರಡಕ್ಕೂ ಬಿವಿಗೂ ನಂಟಿದೆ.

ಪರೀಕ್ಷೆಯನ್ನೇ ಮಾಡದೆ "ಸ್ವಚ್ಛವಾಗಿರಿ, ಸರಿಹೋಗುತ್ತೆ" ಎಂದು ಕಳಿಸುವವರೂ ಸಿಗಬಹುದು. ಆಗ ಒಂದೇ ಪ್ರಶ್ನೆ ಕೇಳಿ: "ಪಿಎಚ್ ನೋಡಿ, ಸ್ವಾಬ್ ತೆಗೆದು ಒಮ್ಮೆ ಪರೀಕ್ಷೆ ಮಾಡ್ತೀರಾ?" ಸ್ವಾಬ್ ಅಂದರೆ ಹತ್ತಿ ಸುತ್ತಿದ ಕಡ್ಡಿಯಿಂದ ಸ್ರಾವದ ಮಾದರಿ ತೆಗೆಯುವುದು. ಆಗಲ್ಲ ಅಂದರೆ ಬೇರೆ ಡಾಕ್ಟರನ್ನು ನೋಡಿ. ಒಬ್ಬರು ಸರಿಯಾಗಿ ಕೇಳಲಿಲ್ಲ ಎಂದು ಮತ್ತೆರಡು ವರ್ಷ ಮನೆಯಲ್ಲಿ ಕೂರಬೇಡಿ.

ಹಂತ 5: ಪರೀಕ್ಷೆಯ ದಿನ

ಪರೀಕ್ಷೆಗೆ ಎರಡು ದಿನ ಮುಂಚಿನಿಂದ ಸಂಭೋಗ ಬೇಡ, ಯೋನಿಯೊಳಗೆ ಕ್ರೀಮು ಬೇಡ. ಆದಷ್ಟು ಮುಟ್ಟಿಲ್ಲದ ದಿನ ಹೋಗಿ. ಆವತ್ತು ಬೆಳಿಗ್ಗೆ ನಾಚಿಕೆಗೆ ಉಜ್ಜಿ ಉಜ್ಜಿ ತೊಳೆದುಕೊಂಡು ಹೋಗಬೇಡಿ. ಒಳಗೆಲ್ಲ ತೊಳೆದುಕೊಂಡು ಹೋದರೆ ತೋರಿಸಬೇಕಾದದ್ದನ್ನೇ ಚರಂಡಿಗೆ ಬಿಟ್ಟು ಹೋದ ಹಾಗೆ. ಮಾಮೂಲಿ ಸ್ನಾನ ಸಾಕು. ಕೂದಲು ತೆಗೆಯಬೇಕಾಗಿಲ್ಲ.

ಒಳಗೆ ನೋಡಲು ಸ್ಪೆಕ್ಯುಲಂ ಎಂಬ ಸಾಧನ ಹಾಕುತ್ತಾರೆ. ಸ್ವಲ್ಪ ಒತ್ತಿದಂತೆ ಆಗುತ್ತದೆ. ಉಸಿರು ನಿಧಾನ ಬಿಟ್ಟರೆ ಸ್ನಾಯು ಸಡಿಲವಾಗುತ್ತದೆ. ನೋವಾದರೆ "ನಿಲ್ಲಿಸಿ" ಅನ್ನಿ, ನಿಲ್ಲಿಸುತ್ತಾರೆ. ಸಂಭೋಗ ಮಾಡಿಲ್ಲದವರು ಮೊದಲೇ ಹೇಳಿ, ಸಾಧನ ಹಾಕದೆ ತೆಳು ಸ್ವಾಬ್‌ನಲ್ಲೇ ಮಾದರಿ ತೆಗೆಯಬಹುದು.

ಬಿವಿ ಗುರುತಿಸಲು 1983ರಿಂದ ಆಮ್ಸೆಲ್ ಮಾನದಂಡ ಎಂಬ ಒಂದು ಲೆಕ್ಕ ಬಳಕೆಯಲ್ಲಿದೆ. ನಾಲ್ಕು ಗುರುತುಗಳಲ್ಲಿ ಮೂರು ಇರಬೇಕು: ತೆಳುವಾದ ಒಂದೇ ಸಮ ಸ್ರಾವ, ಪಿಎಚ್ 4.5ಕ್ಕಿಂತ ಹೆಚ್ಚು, ಸೂಕ್ಷ್ಮದರ್ಶಕದಲ್ಲಿ ಅಂಚಿನ ತುಂಬ ಬ್ಯಾಕ್ಟೀರಿಯಾ ಮೆತ್ತಿಕೊಂಡ ಜೀವಕೋಶಗಳು, ಮತ್ತು ವಾಸನೆ. ಹೌದು, ವಾಸನೆಯೇ ಒಂದು ಪರೀಕ್ಷೆ. ಗಾಜಿನ ಸ್ಲೈಡಿನ ಮೇಲಿನ ಸ್ರಾವಕ್ಕೆ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದ ಒಂದು ಹನಿ ಬಿಟ್ಟು ಮೂಸುತ್ತಾರೆ. ಅಮೈನ್ ಇದ್ದರೆ ಆ ಕ್ಷಣವೇ ಮೀನಿನ ವಾಸನೆ ಏಳುತ್ತದೆ. ನೀವು ಊರಿಗೆಲ್ಲ ಬಚ್ಚಿಟ್ಟ ಆ ವಾಸನೆ ಅಲ್ಲಿ ವರದಿಯಲ್ಲಿ ಬರೆಯುವ ಒಂದು ಸಾಕ್ಷಿ, ಅಷ್ಟೇ. ಯಾರೂ ಮುಖ ಸಿಂಡರಿಸುವುದಿಲ್ಲ.

ಲ್ಯಾಬಿಗೆ ಕಳಿಸಿದರೆ ವರದಿಯಲ್ಲಿ ನ್ಯೂಜೆಂಟ್ ಸ್ಕೋರ್ ಎಂದು ಕಾಣಬಹುದು, ಅಂದರೆ ಸ್ಲೈಡಿನಲ್ಲಿ ಕಂಡ ಒಳ್ಳೆಯ, ಕೆಟ್ಟ ಬ್ಯಾಕ್ಟೀರಿಯಾ ಎಷ್ಟಿವೆ ಎಂದು ನೋಡಿ ಕೊಡುವ ಅಂಕ. 0ರಿಂದ 3 ಸಹಜ, 4ರಿಂದ 6 ನಡುವಣದ್ದು, 7ರಿಂದ 10 ಬಿವಿ. ಸಂಭೋಗದಿಂದ ಹರಡುವ ಟ್ರೈಕೊಮೋನಾಸ್, ಗೊನೋರಿಯಾ, ಕ್ಲಮೈಡಿಯಾಕ್ಕೂ ಅದೇ ಸಲ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ.

ಹಂತ 6: ಮದ್ದು, ಮತ್ತು ಮದ್ದಿನಲ್ಲಿ ಆಗುವ ಎಡವಟ್ಟು

ಬಿವಿಗೆ ಸಾಮಾನ್ಯವಾಗಿ ಕೊಡುವುದು ಮೆಟ್ರೊನಿಡಜೋಲ್ ಮಾತ್ರೆ 7 ದಿನ, ಇಲ್ಲವೇ ಅದರದೇ ಜೆಲ್ 5 ದಿನ, ಇಲ್ಲವೇ ಕ್ಲಿಂಡಮೈಸಿನ್ ಕ್ರೀಮು 7 ರಾತ್ರಿ. ಯಾವುದು ನಿಮಗೆ ಎಂದು ಡಾಕ್ಟರು ಹೇಳುತ್ತಾರೆ. ಹಳೆಯ ಚೀಟಿ ತೋರಿಸಿ ನೀವೇ ತರಬೇಡಿ.

ಎರಡು ಮೂರು ದಿನಕ್ಕೆ ವಾಸನೆ ಹೋಗುತ್ತದೆ, ಮಾತ್ರೆ ಅಲ್ಲಿಗೇ ನಿಲ್ಲುತ್ತದೆ. ಎಲ್ಲರೂ ಮಾಡುವ ತಪ್ಪು ಇದೇ. ಕೋರ್ಸ್ ಪೂರ್ತಿ ಮುಗಿಸಿ. ಮೆಟ್ರೊನಿಡಜೋಲ್ ನುಂಗಿದರೆ ಬಾಯಲ್ಲಿ ಲೋಹದ ರುಚಿ, ಹೊಟ್ಟೆ ತೊಳಸುವುದು ಇರುತ್ತದೆ. ಊಟದ ಜೊತೆ ತೆಗೆದುಕೊಂಡರೆ ಸ್ವಲ್ಪ ತಡೆಯಬಹುದು. ಮದ್ಯದ ಅಭ್ಯಾಸವಿದ್ದರೆ ಡಾಕ್ಟರಿಗೆ ಹೇಳಿ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಹೇಳಲೇಬೇಕು. ಕ್ಲಿಂಡಮೈಸಿನ್ ಕ್ರೀಮಿನಲ್ಲಿ ಎಣ್ಣೆಯ ಅಂಶ ಇರುವುದರಿಂದ ರಬ್ಬರಿನ ಕಾಂಡೋಮ್ ದುರ್ಬಲವಾಗುತ್ತದೆ. ಅದೊಂದನ್ನೇ ನಂಬಿಕೊಂಡಿರುವವರು ನೆನಪಿಡಿ.

ಬೋರಿಕ್ ಆಸಿಡ್ ಬಗ್ಗೆಯೂ ಜನ ಕೇಳುತ್ತಾರೆ. ಪದೇ ಪದೇ ಮರುಕಳಿಸುವ ಕೆಲವರಿಗೆ ಡಾಕ್ಟರು ಯೋನಿಯೊಳಗೆ ಇಡಲು ಕೊಡುವುದುಂಟು. ನುಂಗಿದರೆ ವಿಷ. ಗರ್ಭಿಣಿಯರು ಮುಟ್ಟಬಾರದು. ಡಾಕ್ಟರು ಹೇಳದೆ ಬೇಡವೇ ಬೇಡ.

ಟ್ರೈಕೊಮೋನಾಸ್ ಬಂದಿದ್ದರೆ ಇಬ್ಬರೂ ಒಟ್ಟಿಗೆ ಮದ್ದು ತೆಗೆದುಕೊಳ್ಳಬೇಕು. ಇಬ್ಬರದೂ ಮುಗಿಯುವವರೆಗೆ ಸಂಭೋಗ ಬೇಡ. ಮೂರು ತಿಂಗಳೊಳಗೆ ಹೆಂಗಸರು ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು.

ಮುಟ್ಟು ನಿಂತವರಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿದು ಪಿಎಚ್ ಏರಿರುತ್ತದೆ. ಅವರಿಗೆ ಆ್ಯಂಟಿಬಯಾಟಿಕ್ ಬದಲು ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮು ಬೇಕಾಗಬಹುದು.

ಹಂತ 7: ಮತ್ತೆ ಬಂದರೆ

ಬಿವಿ ಮರುಕಳಿಸುವುದು ಮಾಮೂಲು. ಗುಣವಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಒಂದು ವರ್ಷದೊಳಗೆ ವಾಪಸು ಬರುತ್ತದೆ. ಇದನ್ನು ಮೊದಲೇ ಹೇಳಿದರೆ ಹೆದರುತ್ತೀರಿ ಎಂದು ಕೆಲವರು ಹೇಳುವುದಿಲ್ಲ. ನನಗೆ ಅದು ತಪ್ಪು ಅನ್ನಿಸುತ್ತದೆ. ಗೊತ್ತಿಲ್ಲದೆ ಎರಡನೇ ಸಲ ವಾಸನೆ ಬಂದಾಗ ಬೀಳುವ ಪೆಟ್ಟು ಮೊದಲಿನದಕ್ಕಿಂತ ಜೋರು. ಈ ಬ್ಯಾಕ್ಟೀರಿಯಾ ಯೋನಿಯ ಗೋಡೆಗೆ ಪಾಚಿಯಂಥ ಪೊರೆ ಕಟ್ಟಿಕೊಂಡು ಕೂರುತ್ತವೆ, ಮದ್ದು ಅದನ್ನು ಪೂರ್ತಿ ತೆಗೆಯುವುದಿಲ್ಲ. ಹಾಗಾಗಿ ನಿಮ್ಮದೇನೋ ತಪ್ಪಾಯಿತು ಎಂದು ಹುಡುಕಬೇಡಿ, ಮತ್ತೆ ಡಾಕ್ಟರ ಹತ್ತಿರ ಹೋಗಿ.

ಆಗ ಎರಡು ವಿಷಯ ಕೇಳಿ. ಒಂದು, ವಾರಕ್ಕೆರಡು ಸಲ ಜೆಲ್ ಹಾಕುವ ಕೆಲವು ತಿಂಗಳ ಚಿಕಿತ್ಸೆ ನನಗೆ ಸರಿಹೊಂದುತ್ತದೆಯೇ? ಎರಡು, ನನ್ನ ಸಂಗಾತಿಗೂ ಮದ್ದು ಕೊಡುತ್ತೀರಾ? ಈ ಎರಡನೆಯದು ತೀರಾ ಈಚಿನ ಬದಲಾವಣೆ. ಗಂಡಸರಿಗೆ ಮದ್ದು ಕೊಟ್ಟು ಪ್ರಯೋಜನವಿಲ್ಲ ಎಂದೇ ಬಹುಕಾಲ ನಂಬಿದ್ದರು. 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಗಂಡಿಗೂ ಒಂದು ವಾರ ಮಾತ್ರೆ ಮತ್ತು ಶಿಶ್ನಕ್ಕೆ ಹಚ್ಚುವ ಕ್ರೀಮು ಎರಡನ್ನೂ ಕೊಟ್ಟರು. 12 ವಾರದಲ್ಲಿ ಮರುಕಳಿಸಿದ್ದು ಅವರ ಜೊತೆಗಾತಿಯರಲ್ಲಿ 35%. ಹೆಣ್ಣಿಗಷ್ಟೇ ಮದ್ದು ಕೊಟ್ಟ ಗುಂಪಿನಲ್ಲಿ 63%. ಎಲ್ಲ ಡಾಕ್ಟರುಗಳೂ ಇನ್ನೂ ಇದನ್ನು ರೂಢಿ ಮಾಡಿಕೊಂಡಿರಲಿಕ್ಕಿಲ್ಲ, ಅದಕ್ಕೇ ನೀವೇ ಬಾಯಿ ಬಿಟ್ಟು ಕೇಳಬೇಕು.

ಸಂಗಾತಿಗೆ ಹೇಳುವುದು ಹೇಗೆ? ಚಿಕ್ಕದಾಗಿ, ಜಗಳದ ಹೊತ್ತಿನಲ್ಲಿ ಬೇಡ. "ನನಗೊಂದು ಸೋಂಕು ಇದೆ. ಇಬ್ಬರೂ ಮದ್ದು ತಗೊಂಡರೆ ಮತ್ತೆ ಬರೋದು ಕಮ್ಮಿ ಅಂತೆ. ಇಷ್ಟು ದಿನ ದೂರ ಇದ್ದದ್ದು ಇದಕ್ಕೇ." ಅಷ್ಟು ಸಾಕು. "ಯಾರಿಂದ ಬಂತು" ಎಂಬ ಪ್ರಶ್ನೆ ಬರಬಹುದು. ಬಿವಿ ಬಂದಿದೆ ಎಂಬುದು ಯಾರೂ ದಾರಿ ತಪ್ಪಿದ್ದಕ್ಕೆ ಸಾಕ್ಷಿ ಆಗುವುದಿಲ್ಲ. ಟ್ರೈಕೊಮೋನಾಸ್ ಕೂಡ ಲಕ್ಷಣವಿಲ್ಲದೆ ತಿಂಗಳುಗಟ್ಟಲೆ ಒಳಗೇ ಇರಬಲ್ಲದು. ಹೇಳಿದರೆ ಹೊಡೆತ ಬೀಳುವ ಭಯವಿದ್ದರೆ ಮೊದಲು ಡಾಕ್ಟರಿಗೆ ಹೇಳಿ.

ಹಂತ 8: ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ

ವಾಸನೆ ಇಡೀ ಮೈಯಿಂದ, ಉಸಿರಿನಿಂದ, ಮೂತ್ರದಿಂದಲೂ ಬರುತ್ತಿದ್ದರೆ ಟ್ರೈಮೀಥೈಲಮಿನೂರಿಯಾ ಎಂಬ ಅಪರೂಪದ ಕಾಯಿಲೆಯ ಬಗ್ಗೆ ಕೇಳಿ. ಎಫ್‌ಎಂಒ3 ಎಂಬ ಜೀನಿನಲ್ಲಿ ದೋಷವಿದ್ದರೆ ಟ್ರೈಮೀಥೈಲಮೈನ್ ಎಂಬ ಪದಾರ್ಥವನ್ನು ದೇಹ ಒಡೆಯಲಾರದು. ಅದು ಬೆವರಿನಲ್ಲೇ ಹೊರಬೀಳುತ್ತದೆ. ಮೂತ್ರ ಪರೀಕ್ಷೆಯಿಂದ ಪತ್ತೆಯಾಗುತ್ತದೆ. ಆಹಾರ ಬದಲಿಸಿ, ಚರ್ಮಕ್ಕೆ ಹೊಂದುವ ಕಡಿಮೆ ಪಿಎಚ್ ಇರುವ ಸೋಪು ಬಳಸಿ ಹತೋಟಿಯಲ್ಲಿ ಇಡಬಹುದು.

ಇನ್ನೊಂದು ಸಾಧ್ಯತೆ ಇದೆ. ಪರೀಕ್ಷೆಗಳೆಲ್ಲ ಸರಿ ಇವೆ, ಹತ್ತಿರದವರು ವಾಸನೆ ಇಲ್ಲ ಅನ್ನುತ್ತಾರೆ, ಆದರೂ ಅನುಮಾನ ಬಿಡುವುದಿಲ್ಲ. ದಿನದಲ್ಲಿ ಗಂಟೆಗಟ್ಟಲೆ ಅದೇ ಯೋಚನೆ. ಇದಕ್ಕೆ ಆಲ್ಫ್ಯಾಕ್ಟರಿ ರೆಫರೆನ್ಸ್ ಡಿಸಾರ್ಡರ್ ಎಂಬ ಹೆಸರಿದೆ, ಅಂದರೆ ತನ್ನಿಂದ ವಾಸನೆ ಬರುತ್ತಿದೆ ಎಂಬ ಬಿಡದ ಗೀಳು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಇದಕ್ಕೆ ಪ್ರತ್ಯೇಕ ಜಾಗವಿದೆ. "ನಾಟಕ" ಎಂದೋ "ಹುಚ್ಚು" ಎಂದೋ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಸಂಕಟ ನಿಜ. ಮನೋವೈದ್ಯರು ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಮತ್ತು ಮಾತ್ರೆಗಳಿಂದ ಇದಕ್ಕೆ ಮದ್ದು ಮಾಡುತ್ತಾರೆ.

ನಿಜವಾದ ಸೋಂಕು ಬಂದು ಗುಣವಾದವರಲ್ಲೂ ಮೂಸಿ ನೋಡುವ ಚಾಳಿ ಉಳಿದುಬಿಡುತ್ತದೆ. ಅದನ್ನು ಒಂದೇ ಸಲ ಬಿಡಲು ಆಗುವುದಿಲ್ಲ. ದಿನಕ್ಕೆ ಹತ್ತು ಸಲ ಬಾತ್‌ರೂಮಿಗೆ ಹೋಗಿ ನೋಡುತ್ತಿದ್ದರೆ ಈ ವಾರ ಐದಕ್ಕೆ ಇಳಿಸಿ, ಮುಂದಿನ ವಾರ ಎರಡಕ್ಕೆ. ಬಿಟ್ಟುಬಿಟ್ಟಿದ್ದ ಒಂದು ಜಾಗಕ್ಕೆ ಹೋಗಿ ಬನ್ನಿ. ಅಲ್ಲಿ ಯಾರಾದರೂ ಕೆಮ್ಮಿದರೆ ಎದ್ದು ಬರಬೇಡಿ, ಇನ್ನೊಂದು ಹತ್ತು ನಿಮಿಷ ಕೂತಿರಿ. ಒಂದು ತಿಂಗಳು ಹೀಗೆ ಮಾಡಿದರೂ ತಲೆಯಿಂದ ಹೋಗದಿದ್ದರೆ ಮನೋವೈದ್ಯರ ಹತ್ತಿರ ಹೋಗಿ. ಬದುಕೇ ಬೇಡ ಅನ್ನಿಸುತ್ತಿದ್ದರೆ ತಿಂಗಳು ಕಾಯಬೇಡಿ. ಅವತ್ತೇ ಮನೆಯಲ್ಲಿ ಒಬ್ಬರಿಗೆ ಹೇಳಿ, ಅವತ್ತೇ ಆಸ್ಪತ್ರೆಗೆ ಹೋಗಿ. ಹೋಗುವಾಗ ಹಂತ 4ರ ಚೀಟಿ ಮತ್ತು ಪರೀಕ್ಷೆಯ ವರದಿಗಳನ್ನು ಜೊತೆಗೆ ಒಯ್ಯಿರಿ. ಎಲ್ಲವನ್ನೂ ಮೊದಲಿನಿಂದ ಹೇಳುವ ಕಷ್ಟ ತಪ್ಪುತ್ತದೆ, ಅದೇ ಸ್ವಾಬ್ ಇನ್ನೊಂದು ಸಲ ತೆಗೆಸುವುದೂ ತಪ್ಪುತ್ತದೆ.